ವರ್ಷ ಮುಗಿಸಿ ಬಂದವಳ ಜೊತೆ ಮೂರು ಊರು

ನಮ್ಮ ಜಿಲ್ಲೆಯವರಿಗೆ ಪರವೂರಿನ ದಾರಿ ಹೊಸತಲ್ಲ. ಮುಂಬಯಿಯ ಹೋಟೆಲಿಗೋ, ದುಬಾಯಿಯ ಅಂಗಡಿಗೋ, ಕುವೈತಿನ ಆಸ್ಪತ್ರೆಗೋ ಮನೆಗೊಬ್ಬರಾದರೂ ಹೋಗಿರುತ್ತಾರೆ. ಹೊರಡುವಾಗ ಬುದ್ಧಿ ಹೇಳುವವರು ಹತ್ತು ಜನ, ಉಪ್ಪಿನಕಾಯಿ ಕಟ್ಟಿಕೊಡುವವರು ಇಪ್ಪತ್ತು ಜನ. ಆದರೆ ಹೋದವರು ತಿರುಗಿ ಬಂದಾಗ ನಾವು ಕೇಳುವುದು ಎರಡೇ ಪ್ರಶ್ನೆ: "ಸಂಬಳ ಎಷ್ಟಿತ್ತು? ಎಂತ ತಂದೆ?"

ಓದುಗ ಸೋದರಿಯರೇ, ಈ ಎರಡಕ್ಕೂ ಉತ್ತರವಿಲ್ಲದ ಒಬ್ಬ ಹುಡುಗಿ ನಮ್ಮ ಮನೆಯಲ್ಲಿದ್ದಾಳೆ. ನನ್ನ ತಂಗಿಯ ಮಗಳು, ಇಪ್ಪತ್ತೆರಡು ವರ್ಷ. ಡಿಗ್ರಿ ಮುಗಿಸಿ ಒಂದು ವರ್ಷ ಜರ್ಮನಿಯಲ್ಲಿ ಕೆಲಸ ಮಾಡಿ ಬಂದಳು. ಕೆಲಸವೆಂದರೆ ಸಂಬಳದ ಕೆಲಸವಲ್ಲ, ಯುವಜನರ ಸಾಂಸ್ಕೃತಿಕ ವಿನಿಮಯದ ಸೇವೆ. ಎಸ್ಸೆಸ್ಸೆಲ್ಸಿವರೆಗೆ ಓದಿದ ನನಗೆ ಮೊದಲು ಇದೆಲ್ಲ ಅರ್ಥವಾಗಲಿಲ್ಲ. ಅವಳೇ ಕೂತು ಬಿಡಿಸಿ ಹೇಳಿದಳು. ನಿಮಗೂ ಪ್ರಯೋಜನವಾದೀತು, ಕೇಳಿ.

ಜರ್ಮನ್ ಸರ್ಕಾರ 2008ರಲ್ಲಿ 'ವೆಲ್ಟ್‌ವೆರ್ಟ್ಸ್' ಎಂಬ ಯೋಜನೆ ಶುರುಮಾಡಿತು. ಹೆಸರಿಗೆ 'ಲೋಕದ ಕಡೆಗೆ' ಎಂದು ಅರ್ಥವಂತೆ. 18ರಿಂದ 28 ವರ್ಷದೊಳಗಿನ ಅಲ್ಲಿನ ಹುಡುಗ ಹುಡುಗಿಯರು ನಮ್ಮಂಥ ದೇಶಗಳಿಗೆ ಬಂದು ಶಾಲೆ, ಆಶ್ರಮ, ತೋಟಗಳಲ್ಲಿ ಸೇವೆ ಮಾಡುವುದು ಮೊದಲಿನ ಕ್ರಮ. 2013ರಿಂದ ನಮ್ಮ ಕಡೆಯವರೂ ಅಲ್ಲಿಗೆ ಹೋಗುವ ದಾರಿ ತೆರೆಯಿತು. ಇರಲು ಜಾಗ, ಊಟ, ವಿಮೆ, ಕೈಖರ್ಚಿಗೆ ಸ್ವಲ್ಪ ಹಣ, ನಡುನಡುವೆ ಶಿಬಿರಗಳು. ಅಷ್ಟೇ. ಅವಧಿ ಮುಗಿದ ಮೇಲೆ ಗಂಟು ಕಟ್ಟಿಕೊಂಡು ತರುವಷ್ಟು ಏನೂ ಉಳಿಯುವುದಿಲ್ಲ.

ಇಂಥ ವಿನಿಮಯಗಳು ಹುಟ್ಟಿದ್ದು ಯುದ್ಧದ ಬೂದಿಯಿಂದ. 1920ರಲ್ಲಿ ಪಿಯೆರ್ ಸೆರೆಸೋಲ್ ಎಂಬ ಸ್ವಿಸ್ ಮನುಷ್ಯ, ಮೊದಲನೇ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ವೆರ್ದನ್ ಹತ್ತಿರದ ಒಂದು ಹಳ್ಳಿಗೆ ಬೇರೆ ಬೇರೆ ದೇಶದವರನ್ನು ಕರೆದುಕೊಂಡು ಹೋಗಿ ಮನೆ ಕಟ್ಟಲು ನಿಂತ. ಗುಂಪಿನಲ್ಲಿ ಜರ್ಮನರೂ ಇದ್ದರು, ನಿನ್ನೆಯ ಶತ್ರುಗಳೇ! ಎರಡನೇ ಮಹಾಯುದ್ಧದ ನಂತರ 1949ರಲ್ಲಿ ಜರ್ಮನಿಯ ಹದಿಹರೆಯದ ಮಕ್ಕಳು ಅಮೆರಿಕದ ಮನೆಗಳಲ್ಲಿ ಮಕ್ಕಳಂತೆ ಇರಲು ಹೋದರು. ಒಬ್ಬರ ಮನೆಯ ಅನ್ನ ಉಂಡವರು ಮತ್ತೊಮ್ಮೆ ಅವರ ಮೇಲೆ ಕೋವಿ ಎತ್ತಲಿಕ್ಕಿಲ್ಲ ಎಂಬ ನಂಬಿಕೆ ಅದರ ಹಿಂದೆ ಇತ್ತು.

ನಮ್ಮ ಹುಡುಗಿಗೆ ಸಿಕ್ಕಿದ್ದು ಒಂದು ವೃದ್ಧಾಶ್ರಮ. ಬೆಳಿಗ್ಗೆ ಆರು ಗಂಟೆಗೆ ಹಾಜರಿ. ಅಜ್ಜಿಯಂದಿರ ತಲೆ ಬಾಚುವುದು, ಬ್ರೆಡ್ಡಿಗೆ ಬೆಣ್ಣೆ ಸವರುವುದು, ಉಣ್ಣಿಸುವುದು, ನಡೆಸುವುದು. ಸುದ್ದಿ ಊರಿಗೆ ಮುಟ್ಟಿದಾಗ ಮೂಡುಬಿದಿರೆಯ ನನ್ನ ತಂಗಿಯ ಮನೆಗೆ ಬಂದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. "ಮುದುಕರ ಸೇವೆ ಮಾಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಸ್ವಂತ ಅಜ್ಜಿ ಬೆಳ್ತಂಗಡಿಯಲ್ಲಿ ಒಬ್ಬರೇ ಇಲ್ವಾ?" ಮಾತು ಕಹಿ, ಆದರೆ ಸುಳ್ಳಲ್ಲ. ನನ್ನ ತಾಯಿಗೆ ಎಪ್ಪತ್ತಾರು. ಸೊಂಟದ ಮೂಳೆ ಮುರಿದು ಎರಡು ವರ್ಷದಿಂದ ಮನೆಯ ಅಂಗಳ ದಾಟಿದವರಲ್ಲ. ಜೊತೆಗೆ ಒಬ್ಬ ಹೋಮ್‌ನರ್ಸ್. ಅಣ್ಣ ಮುಂಬಯಿಯಲ್ಲಿ, ತಮ್ಮ ಬೆಂಗಳೂರಿನಲ್ಲಿ. ನಾನು ಬಂಟ್ವಾಳದಲ್ಲಿ, ತಂಗಿ ಮೂಡುಬಿದಿರೆಯಲ್ಲಿ. ಈ ಲೇಖನದ ಮೂರು ಊರುಗಳು ನಮ್ಮ ಮೂರು ಮನೆಗಳೇ.

ಬಂಟ್ವಾಳದ ಹೊಳೆಬದಿ

ತಂಗಿಯ ಮನೆಯಲ್ಲಿ ನೆಂಟರ ಪ್ರಶ್ನೆಗಳಿಗೆ ಬೇಸತ್ತು ಹುಡುಗಿ ಒಂದು ವಾರ ನನ್ನ ಹತ್ತಿರ ಬಂದಿದ್ದಳು. ಆಗಷ್ಟೇ ಚೌತಿ ಕಳೆದಿತ್ತು. ಬೆಳಿಗ್ಗೆ ಐದಕ್ಕೆ ಏಳುವುದು, ಸಂಜೆ ಆರಕ್ಕೇ ಊಟ ಕೇಳುವುದು, ಬಸ್ಸಿನ ಕಂಡಕ್ಟರಿಗೆ 'ಡಾಂಕೆ' ಎನ್ನುವುದು! ನಮಗೆಲ್ಲ ನಗು. ಅವಳಿಗೆ ನಗು ಬರುತ್ತಿರಲಿಲ್ಲ. "ದೊಡ್ಡಮ್ಮ, ಅಲ್ಲಿಗೆ ಹೊಂದಿಕೊಳ್ಳಲಿಕ್ಕೆ ಎರಡು ತಿಂಗಳು ಸಾಕಾಯ್ತು. ಇಲ್ಲಿಗೆ ಹೊಂದಿಕೊಳ್ಳಲಿಕ್ಕೆ ಎಷ್ಟು ಬೇಕೋ" ಎಂದಳು. ಮದುವೆಯಾಗಿ ಬಂದವಳು ಬಾಣಂತನಕ್ಕೆ ತವರಿಗೆ ಹೋದಾಗ ತನ್ನ ಮನೆಯ ಚೊಂಬು ಎಲ್ಲಿದೆಯೆಂದು ಹುಡುಕುತ್ತಾಳಲ್ಲ, ಹಾಗೆ ಅಂತ ನಾನು ಅಂದುಕೊಂಡೆ.

ಮಳೆ ಬಿಟ್ಟ ಒಂದು ಸಂಜೆ ಪೇಟೆ ಸುತ್ತಲು ಹೊರಟೆವು. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಈಗ ಬಸ್ಸು, ಲಾರಿ ಎಲ್ಲ ಬಿ.ಸಿ.ರೋಡಿನಲ್ಲೇ ನಿಂತು ಹೋಗುವುದರಿಂದ ಹಳೇ ಬಂಟ್ವಾಳ ಪೇಟೆ ಬದಿಗೆ ಸರಿದ ಹಾಗೆ ಕಾಣುತ್ತದೆ. ಒಂದು ಕಾಲದಲ್ಲಿ ಹಾಗಿರಲಿಲ್ಲ. ಘಟ್ಟದ ಮೇಲಿನ ಕಾಫಿ ಗಾಡಿಗಳಲ್ಲಿ ಇಳಿದು ಬಂದು ಇಲ್ಲಿಂದ ದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿತ್ತು. ಹೊಳೆಯೇ ಊರಿನ ಹೆದ್ದಾರಿ. ಅದೇ ಹೊಳೆ 1923ರಲ್ಲಿ, ಮತ್ತೆ 1974ರಲ್ಲಿ ಪೇಟೆಯನ್ನೇ ನುಂಗಿತ್ತು. ಹಳಬರು ಇಂದಿಗೂ ವಯಸ್ಸು ಹೇಳುವಾಗ "ಆ ನೆರೆಯ ವರ್ಷ ನಾನು ಇಷ್ಟು ದೊಡ್ಡವ" ಎನ್ನುತ್ತಾರೆ. ಮಕ್ಕಳ ಪದ್ಯಗಳಿಂದ ಕನ್ನಡಿಗರ ಮನೆಮಾತಾದ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದೂ ಈ ಬಂಟ್ವಾಳದಲ್ಲೇ.

ಮರುದಿನ ಬಿ.ಸಿ.ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಹೋದೆವು. ಪ್ರೊಫೆಸರ್ ತುಕಾರಾಮ ಪೂಜಾರಿಯವರು ತುಳುವರ ಮನೆ ಮನೆಯ ಹಳೇ ಸಾಮಾನುಗಳನ್ನು ಕೂಡಿಟ್ಟು ಕಟ್ಟಿದ ಜಾಗ. ಅಕ್ಕಿ ಅಳೆಯುವ ಸೇರು, ಕಳಸಿಗೆ, ನೇಗಿಲು, ಅಡಿಗೆಯ ಪಾತ್ರೆಗಳು. ನಮ್ಮ ಅಟ್ಟದಿಂದ ಗುಜರಿಗೆ ಹೋದದ್ದೆಲ್ಲ ಇಲ್ಲಿ ಮರ್ಯಾದೆಯಿಂದ ಕೂತಿದೆ! ಹುಡುಗಿ ಒಂದು ಕಡೆಗೋಲಿನ ಮುಂದೆ ಬಹಳ ಹೊತ್ತು ನಿಂತಳು. ಅವಳಿದ್ದ ಆಶ್ರಮದಲ್ಲಿ ಹಳೇ ಕಾಫಿಬೀಜದ ಗಿರಣಿ, ಇಸ್ತ್ರಿಪೆಟ್ಟಿಗೆ ಎಲ್ಲ ಇಟ್ಟಿದ್ದರಂತೆ. ನೆನಪು ಹೋದ ಅಜ್ಜಿಯರ ಕೈಗೆ ಅದನ್ನು ಕೊಟ್ಟರೆ, ಮಗಳ ಹೆಸರು ಮರೆತವರು ಕೂಡ ಗಿರಣಿ ತಿರುಗಿಸುತ್ತ ತಾಯಿಮನೆಯ ಕತೆ ಹೇಳಲು ಶುರುಮಾಡುತ್ತಿದ್ದರಂತೆ. "ನಮ್ಮ ಅಜ್ಜಿಗೆ ನೆನಪು ಸರಿ ಉಂಟು. ಅವರು ನೋಡದೆ ಎರಡು ವರ್ಷ ಆಯ್ತು, ಅಷ್ಟೆ. ದೊಡ್ಡಮ್ಮ, ನಾವು ಅಜ್ಜಿಯನ್ನು ಹೊರಗೆ ಕರ್ಕೊಂಡು ಹೋಗುವ" ಎಂದಳು. ನಮ್ಮ ಈ ಪ್ರವಾಸ ಹುಟ್ಟಿದ್ದು ಹಾಗೆ.

ಬೆಳ್ತಂಗಡಿಯ ಹಂಚಿನ ಮನೆ

ಬಂಟ್ವಾಳದಿಂದ ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು ದಾಟಿದರೆ ಗುರುವಾಯನಕೆರೆ. ಅಲ್ಲಿಂದ ಮುಂದೆ ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಘಾಟಿ. ಮಳೆಗಾಲ ಮುಗಿಯುವ ಹೊತ್ತಿಗೆ ಈ ದಾರಿಯ ಹಸುರು ಕಣ್ಣಿಗೆ ತಂಪು. ಬೆಳ್ತಂಗಡಿ ಹತ್ತಿರವಾಗುತ್ತಿದ್ದಂತೆ ಮೋಡದ ನಡುವಿನಿಂದ ಗಡಾಯಿಕಲ್ಲು ತಲೆ ಎತ್ತುತ್ತದೆ. ಟಿಪ್ಪು 1794ರಲ್ಲಿ ಅದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ. ನಾನು ಚಿಕ್ಕವಳಿದ್ದಾಗ ಅಮ್ಮ "ಕಲ್ಲಿಗೆ ಮೋಡ ಕೂತಿದೆ, ಬಟ್ಟೆ ಒಳಗೆ ತಾ" ಎನ್ನುತ್ತಿದ್ದರು. ನಮ್ಮ ಮನೆಯ ಹವಾಮಾನ ಇಲಾಖೆ ಅದೇ.

ತವರುಮನೆ ಹಂಚಿನದು. ಮಾಡಿನಲ್ಲಿ ಕೆಲವು ಹಂಚುಗಳ ಮೇಲೆ ಬಾಸೆಲ್ ಮಿಷನ್ನಿನ ಅಚ್ಚು ಇಂದಿಗೂ ಓದಲು ಬರುತ್ತದೆ. ಮಂಗಳೂರಿನಲ್ಲಿ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಹೊಳೆಬದಿಯ ಜೇಡಿಮಣ್ಣು ನಮ್ಮದು, ಅಚ್ಚು ಅವರದು. ಹುಡುಗಿಗೆ ಇದು ಈಗ ಬೇರೆಯೇ ಕಾಣಿಸಿತು. ಅವಳು ವರ್ಷ ಕಳೆದದ್ದು ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ಅದೇ ಸೀಮೆಯವರು. ಕನ್ನಡ ನಿಘಂಟಿನ ಕಿಟ್ಟೆಲ್ ಉತ್ತರ ಜರ್ಮನಿಯಲ್ಲಿ ಹುಟ್ಟಿದರೂ ಕೊನೆಗೆ 1903ರಲ್ಲಿ ಕಣ್ಣು ಮುಚ್ಚಿದ್ದು ಅಲ್ಲಿಯ ಟ್ಯೂಬಿಂಗನ್‌ನಲ್ಲಿ. ಕಿಟ್ಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದಾಗ ವಯಸ್ಸು ಇಪ್ಪತ್ತೊಂದು, ಹೆಚ್ಚು ಕಡಿಮೆ ನಮ್ಮ ಹುಡುಗಿಯದ್ದೇ! ಮತ ಹೇಳಲು ಬಂದವರು ಭಾಷೆ ಕಲಿತರು, 1894ರಲ್ಲಿ ನಿಘಂಟು ಅಚ್ಚಾಯಿತು. ಹೋದವರು ಕಲಿಸಲು ಹೋಗುತ್ತಾರೋ ಕಲಿಯಲು ಹೋಗುತ್ತಾರೋ, ಮುಂಚಿತವಾಗಿ ಯಾರು ಹೇಳಬಲ್ಲರು?

ಅಮ್ಮ ಜಗಲಿಯಲ್ಲಿ ಕೂತಿದ್ದರು. ಗಾಲಿಕುರ್ಚಿ ಕಂಡದ್ದೇ ಮುಖ ತಿರುಗಿಸಿದರು. "ಅದರಲ್ಲಿ ಕೂತು ಊರು ಸುತ್ತಿದ್ರೆ ಜನ ಎಂತ ಹೇಳ್ಯಾರು? ನಾನೆಂತ ಹೆಣವಾ?" ನಾನಾದರೆ ನಾಲ್ಕು ಮಾತಾಡುತ್ತಿದ್ದೆ. ಹುಡುಗಿ ಮಾತಾಡಲಿಲ್ಲ. ನೆಲದಲ್ಲಿ ಕೂತು ಅಜ್ಜಿಯ ಕಾಲು ಒತ್ತುತ್ತ ಒಂದು ಕತೆ ಹೇಳಿದಳು. ಸ್ವೀಡನ್ನಿನಲ್ಲಿ ಐನಾ ವಿಫಾಲ್ಕ್ ಎಂಬ ಹೆಂಗಸು ಇದ್ದರು. ಪೋಲಿಯೋದಿಂದ ಕಾಲಿನ ಬಲ ಹೋಗಿತ್ತು. ಅವರೇ 1978ರಲ್ಲಿ ನಾಲ್ಕು ಗಾಲಿಯ, ಹಿಡಿದು ನಡೆಯುವ ಗಾಡಿ ಒಂದನ್ನು ಯೋಚಿಸಿ ಮಾಡಿಸಿದರು. ಈಗ ಜರ್ಮನಿಯ ಬೀದಿಯಲ್ಲಿ ಅಜ್ಜಿಯರು ಅದರಲ್ಲೇ ತರಕಾರಿ ಇಟ್ಟುಕೊಂಡು ಪೇಟೆಯಿಂದ ಬರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಕತೆ ಮುಗಿಸಿ ಕೇಳಿದಳು: "ಅಜ್ಜಿ, ನಿಮಗೆ ಎಲ್ಲಿಗೆ ಹೋಗ್ಬೇಕು ಅಂತ ಆಸೆ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ವೇಣೂರಿಗೆ" ಎಂದರು. "ಮತ್ತೆ ಸಾವಿರ ಕಂಬದ ಬಸದಿಗೆ."

ಆ ದಿನ ಮಧ್ಯಾಹ್ನ ಅವಳು ಅಜ್ಜಿಗೆ ಉಣ್ಣಿಸಿದ ಕ್ರಮವನ್ನು ನಾನು ಕಣ್ಣಿಟ್ಟು ನೋಡಿದೆ. ವಯಸ್ಸಾದವರು ಮನೆಯಲ್ಲಿದ್ದರೆ ನಿಮಗೂ ಬೇಕಾದೀತು. ಬೆನ್ನು ನೆಟ್ಟಗೆ ಮಾಡಿ ಕೂರಿಸಬೇಕು. ನಾವು ನಿಂತು ಉಣ್ಣಿಸಬಾರದು, ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು. ಗದ್ದ ತುಸು ಕೆಳಗೆ ಬಾಗಿರಲಿ. ಸಣ್ಣ ಚಮಚ, ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು. ಊಟವಾದ ಅರ್ಧ ಗಂಟೆ ಮಲಗಿಸಬಾರದು. ಎಲ್ಲಕ್ಕಿಂತ ಮುಖ್ಯ, ಮೊದಲು ಯಾವುದು ಬೇಕೆಂದು ಕೇಳಬೇಕು. ಅಂದು ಕುಚ್ಚಲಕ್ಕಿ ಗಂಜಿ, ತಿಮರೆ ಚಟ್ನಿ. ಒಂದು ಹಿಡಿ ತಿಮರೆ ಸೊಪ್ಪು, ಅರ್ಧ ಕಡಿ ತೆಂಗಿನಕಾಯಿ, ಎರಡು ಹಸಿಮೆಣಸು, ಚೂರು ಹುಳಿ, ಉಪ್ಪು ಹಾಕಿ ನುಣ್ಣಗೆ ಅರೆದರೆ ಆಯಿತು. ಘಟ್ಟದ ಮೇಲಿನವರು ತಿಮರೆಗೆ ಒಂದೆಲಗ ಎನ್ನುತ್ತಾರೆ. ಹಲ್ಲಿಲ್ಲದ ಬಾಯಿಗೂ ರುಚಿ.

ವೇಣೂರಿನ ಬಯಲಲ್ಲಿ

ಮರುದಿನ ಬೆಳಿಗ್ಗೆ ಹೊರಟೆವು. ಅಜ್ಜಿಯನ್ನು ಕಾರಿಗೆ ಹತ್ತಿಸುವುದೂ ಒಂದು ವಿದ್ಯೆ. ಮೊದಲು ಸೀಟಿಗೆ ಬೆನ್ನು ಕೊಟ್ಟು ಕೂರಬೇಕು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಬೇಕು. ಎಳೆದಾಟವಿಲ್ಲ, "ಅಯ್ಯಮ್ಮಾ" ಎಂಬ ಕೂಗಿಲ್ಲ.

ಗುರುವಾಯನಕೆರೆಯಿಂದ ಮುಂದೆ ಹೋದರೆ ವೇಣೂರು. ಇಲ್ಲಿ 35 ಅಡಿ ಎತ್ತರದ ಬಾಹುಬಲಿಯನ್ನು 1604ರಲ್ಲಿ ತಿಮ್ಮಣ್ಣ ಅಜಿಲ ಅರಸ ನಿಲ್ಲಿಸಿದ. ಶ್ರವಣಬೆಳಗೊಳ, ಕಾರ್ಕಳಗಳಂತೆ ಬೆಟ್ಟ ಹತ್ತಬೇಕಾಗಿಲ್ಲ. ಫಲ್ಗುಣಿ ಹೊಳೆಯ ಹತ್ತಿರ ಬಯಲಲ್ಲೇ ನಿಂತಿದ್ದಾನೆ. ವಯಸ್ಸಾದವರನ್ನು ಕರೆತರುವವರಿಗೆ ಇದು ದೊಡ್ಡ ಅನುಕೂಲ. ವೇಣೂರಿನಲ್ಲಿ ಬಾಹುಬಲಿ ನಿಲ್ಲುವುದು ಕಾರ್ಕಳದ ಅರಸನಿಗೆ ಇಷ್ಟವಿರಲಿಲ್ಲವಂತೆ, ಯುದ್ಧದ ಭಯದಿಂದ ಅಜಿಲ ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹೂತಿಟ್ಟಿದ್ದನಂತೆ ಎಂದು ಕತೆ. ಎತ್ತರಕ್ಕಾಗಿ, ಹೆಸರಿಗಾಗಿ ಜಗಳ ಆಗಲೂ ಇತ್ತು ನೋಡಿ!

ಅಮ್ಮ 1956ರ ಮಹಾಮಸ್ತಕಾಭಿಷೇಕಕ್ಕೆ ಬಂದಿದ್ದರಂತೆ. ಆಗ ಏಳೆಂಟು ವರ್ಷ. ಜನಜಂಗುಳಿಯಲ್ಲಿ ಅವರ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದು. 2024ರ ಫೆಬ್ರವರಿಯಲ್ಲಿ ಮತ್ತೆ ಅಭಿಷೇಕವಾದಾಗ ಅಮ್ಮ ಮನೆಯ ಟೀವಿಯಲ್ಲಿ ನೋಡಿದರು. ಈಗ ಗಾಲಿಕುರ್ಚಿಯಲ್ಲಿ ಕೂತು ತಲೆ ಎತ್ತಿ ನೋಡಿದವರು ನಕ್ಕರು. "ಆಗ ಅಪ್ಪನ ಹೆಗಲು, ಈಗ ಮೊಮ್ಮಗಳ ಗಾಡಿ. ಸ್ವಂತ ಕಾಲಲ್ಲಿ ನಾನು ನೋಡ್ಲೇ ಇಲ್ಲ ಇವನನ್ನು!" ಆಮೇಲೆ ಕುರ್ಚಿಯ ವಿಷಯ ಅವರು ಎತ್ತಲಿಲ್ಲ. ಇಳಿಜಾರಿನಲ್ಲಿ ಹುಡುಗಿ ಕುರ್ಚಿಯನ್ನು ಹಿಂದುಮುಂದಾಗಿ ಇಳಿಸಿದಳು. ಮುಂದುಗಡೆಯಿಂದ ಇಳಿಸಿದರೆ ಕೂತವರು ಮುಗ್ಗರಿಸುತ್ತಾರಂತೆ.

ಮೂಡುಬಿದಿರೆಯ ಕಂಬಗಳ ನಡುವೆ

ವೇಣೂರಿನಿಂದ ಮೂಡುಬಿದಿರೆಗೆ ಅರ್ಧ ಮುಕ್ಕಾಲು ಗಂಟೆಯ ದಾರಿ. ತಂಗಿಯ ಮನೆಯಲ್ಲಿ ಪತ್ರೊಡೆ ಮಾಡಿದ್ದಳು. ಊಟ, ಸ್ವಲ್ಪ ವಿಶ್ರಾಂತಿ, ಬಿಸಿಲು ಇಳಿದ ಮೇಲೆ ಬಸದಿ.

ಹದಿನೆಂಟು ಬಸದಿಗಳ ಈ ಊರನ್ನು ಜೈನಕಾಶಿ ಎನ್ನುತ್ತಾರೆ. ಸಾವಿರ ಕಂಬದ ಬಸದಿಗೆ 'ತ್ರಿಭುವನ ತಿಲಕ ಚೂಡಾಮಣಿ' ಎಂಬ ಹೆಸರೂ ಉಂಟು. ವಿಜಯನಗರದ ಕಾಲದಲ್ಲಿ, 1430ರಲ್ಲಿ ಕಟ್ಟಿದ್ದು. ಒಳಗೆ ಚಂದ್ರನಾಥ ಸ್ವಾಮಿ. ಕಂಬಗಳಲ್ಲಿ ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ಮೇಲಿನ ಇಳಿಜಾರು ಮಾಡು ನೋಡಿದರೆ ನೇಪಾಳದ ದೇವಾಲಯಗಳ ಚಿತ್ರ ನೆನಪಾಗುತ್ತದೆ. ನಮ್ಮ ಮಳೆಗೆ ಬೇರೆ ಮಾಡು ತಡೆಯುವುದೂ ಇಲ್ಲ. ಮೆಟ್ಟಿಲುಗಳಿರುವಲ್ಲಿ ಅಜ್ಜಿಗೆ ಎರಡೂ ಕಡೆಯಿಂದ ಆಸರೆ ಕೊಟ್ಟೆವು. ಒಳ್ಳೆಯ ಕಾಲನ್ನು ಮೊದಲು ಮೇಲಿಡಬೇಕು, ಇಳಿಯುವಾಗ ನೋಯುವ ಕಾಲು ಮೊದಲು. ಅದೂ ಹುಡುಗಿಯ ಪಾಠ.

ಬಸದಿಯ ಭೈರಾದೇವಿ ಮಂಟಪದ ಬುಡದಲ್ಲಿ ಒಂದು ಕೆತ್ತನೆ ಇದೆ, ತಪ್ಪದೆ ನೋಡಿ: ಜಿರಾಫೆ! ಅದರ ಜೊತೆಗೆ ಚೀನಾದ ಡ್ರ್ಯಾಗನ್. ಆಫ್ರಿಕಾದ ಪ್ರಾಣಿಯನ್ನು ಮೂಡುಬಿದಿರೆಯ ಶಿಲ್ಪಿ ಹೇಗೆ ಕಂಡ? ಕರಾವಳಿಯ ಬಂದರುಗಳಿಗೆ ಕಾಳುಮೆಣಸು, ಅಕ್ಕಿಗಾಗಿ ಬಂದ ವ್ಯಾಪಾರಿಗಳು ಇಂಥ ಸುದ್ದಿಗಳನ್ನೂ ತಂದರು ಎನ್ನುತ್ತಾರೆ ತಿಳಿದವರು. ನೋಡದ ಪ್ರಾಣಿಗೆ ಬಸದಿಯಲ್ಲಿ ಜಾಗ ಕೊಟ್ಟ ಊರು ಇದು. 2022ರ ಡಿಸೆಂಬರ್ 21ರಿಂದ 27ರವರೆಗೆ ಇದೇ ಊರಿನ ಆಳ್ವಾಸ್ ವಿದ್ಯಾಸಂಸ್ಥೆಯ ವಿದ್ಯಾಗಿರಿಯಲ್ಲಿ ಸ್ಕೌಟ್ಸ್ ಗೈಡ್ಸ್ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಸಾವಿರಾರು ಮಕ್ಕಳು ಬಂದಿಳಿದಿದ್ದರು. ನಮ್ಮ ಹುಡುಗಿಗೆ ಹೊರದೇಶದ ಆಸೆ ಹುಟ್ಟಿದ್ದು ಆಗಲೇ. ಬೇರೆ ದೇಶದ ಮಕ್ಕಳು ಯಕ್ಷಗಾನದ ಕಿರೀಟ ಮುಟ್ಟಿ ಮುಟ್ಟಿ ಕೇಳುತ್ತಿದ್ದುದಕ್ಕೆ ಉತ್ತರ ಹೇಳಲು ತನಗೇ ಗೊತ್ತಿರಲಿಲ್ಲ ಎನ್ನುತ್ತಾಳೆ.

ಮಂಟಪದಲ್ಲಿ ಕೂತಿದ್ದಾಗ ಅಣ್ಣನ ಫೋನ್ ಬಂತು. ಅಮ್ಮನನ್ನು ಮುಂಬಯಿಯ ಫ್ಲ್ಯಾಟಿಗೆ ಕರೆದೊಯ್ಯುವುದೋ, ಮಂಗಳೂರಿನ ಒಂದು ಆಶ್ರಮಕ್ಕೆ ಸೇರಿಸುವುದೋ ಎಂಬ ಮಾತು ಕೆಲವು ತಿಂಗಳಿಂದ ನಡೆದಿತ್ತು. ಹುಡುಗಿ ಫೋನನ್ನು ಅಜ್ಜಿಯ ಕೈಗೇ ಕೊಟ್ಟಳು. "ಮಾವ ಕೇಳ್ತಾರೆ ಅಜ್ಜಿ, ನಿಮಗೆ ಎಲ್ಲಿರ್ಬೇಕು ಅಂತ."

ಅಮ್ಮ ಅಳುಕದೆ ಹೇಳಿದರು: "ಮಳೆಗಾಲ ನನ್ನ ಮನೆಯಲ್ಲೇ. ಚಳಿಗಾಲಕ್ಕೆ ಬೇಕಾದ್ರೆ ಬರ್ತೇನೆ ಮಗಾ, ಆದ್ರೆ ಲಿಫ್ಟು ಹಾಳಾಗದ ಮನೆ ಇರ್ಲಿ. ಆಶ್ರಮಕ್ಕೆ ಹೋಗುವ ದಿನ ಬಂದ್ರೆ ನಾನೇ ಹೇಳ್ತೇನೆ." ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಣ್ಣ "ಆಯ್ತಮ್ಮ" ಎಂದ.

ಎಲ್ಲ ಸುಖವಾಗಿ ಮುಗಿಯಿತೆಂದು ತಿಳಿಯಬೇಡಿ. ಹುಡುಗಿ ಇದ್ದ ಆಶ್ರಮದವರು ಮೂರು ವರ್ಷದ ದಾದಿ ತರಬೇತಿಗೆ ಅವಳನ್ನು ಕರೆದಿದ್ದಾರೆ. ಅದರಲ್ಲಿ ಸಂಬಳವೂ ಉಂಟು. ತಂಗಿಗೆ ಅವಳು ಕೂಡಲೇ ಹೋಗಬೇಕು ಅಥವಾ ಕೂಡಲೇ ಮದುವೆಯಾಗಬೇಕು. ನೋಡಲು ಬಂದ ಒಂದು ಕಡೆಯವರು "ಅಲ್ಲಿ ಮಲಮೂತ್ರ ತೆಗೆಯುವ ಕೆಲಸವಾ?" ಎಂದು ಕೇಳಿದಾಗ ಇವಳು "ಹೌದು, ಅದೂ ಇತ್ತು" ಎಂದುಬಿಟ್ಟಳು. ಆ ಸಂಬಂಧ ಅಲ್ಲಿಗೇ ನಿಂತಿತು, ತಂಗಿ ಎರಡು ದಿನ ಮಾತು ಬಿಟ್ಟಳು. ಹುಡುಗಿ ಮಾತ್ರ ಆಶ್ರಮಕ್ಕೆ ಕಾಗದ ಬರೆದಳು: ಬರುತ್ತೇನೆ, ಆದರೆ ಮುಂದಿನ ವರ್ಷದ ತಂಡಕ್ಕೆ. ಈ ಒಂದು ವರ್ಷ ಬೆಳ್ತಂಗಡಿಯಲ್ಲಿ ಅಜ್ಜಿಯ ಜೊತೆ. ಅಮ್ಮ ತನ್ನ ಪಿಂಚಣಿಯಿಂದ ತಿಂಗಳಿಗಿಷ್ಟು ಎಂದು ಅವಳ ಕೈಗೆ ಕೊಡುತ್ತಾರೆ. "ಇದು ಸಂಬಳ ಅಲ್ಲ, ಜರ್ಮನಿಯವರು ಕೊಟ್ಟ ಹಾಗೆ ಕೈಖರ್ಚು" ಎಂದು ಲೆಕ್ಕ ಬೇರೆ ಬರೆದಿಡುತ್ತಾರೆ!

ಹೋಗುವವರಿಗೆ, ಬರುವವರಿಗೆ

ನಿಮ್ಮ ಮನೆಯ ಮಕ್ಕಳಿಗೂ ಇಂಥ ಅವಕಾಶ ಬಂದರೆ ಮೊದಲು ಗಟ್ಟಿ ಮಾಡಿಕೊಳ್ಳಿ: ಇದು ನೌಕರಿಯಲ್ಲ, ಅವಧಿ ಮುಗಿದ ಮೇಲೆ ಹಿಂದೆ ಬರಬೇಕು. ಲಕ್ಷ ಲಕ್ಷ ಕೇಳುವ ಏಜೆಂಟರನ್ನು ಬಾಗಿಲಿಂದಲೇ ಕಳಿಸಿ. ಅಲ್ಲಿ ಮಾಡುವ ಕೆಲಸ, ದಿನದ ಗಂಟೆ, ವಿಮೆ, ತಿರುಗಿ ಬರುವ ಟಿಕೇಟು ಇವು ನಾಲ್ಕು ಕಾಗದದಲ್ಲಿ ಬರೆದಿರಬೇಕು. ಸ್ವಲ್ಪವಾದರೂ ಆ ಭಾಷೆ ಇಲ್ಲೇ ಕಲಿತು ಹೋಗಲಿ.

ಬಂದ ಮೇಲೆ ಒಂದೆರಡು ತಿಂಗಳು ಬಿಡಿ. ಸಂಬಂಧ, ಸಂಬಳ ಎರಡನ್ನೂ ಬದಿಗಿಟ್ಟು "ಅಲ್ಲಿ ದಿನಾ ಎಂತ ಮಾಡ್ತಿದ್ದಿ?" ಎಂದು ಕೇಳಿ, ಮತ್ತೆ ಉತ್ತರ ಮುಗಿಯುವವರೆಗೆ ಕೂತುಕೊಳ್ಳಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಸೇರಿಸಿ ಒಂದು ಸುತ್ತು ಹೋಗಿಬನ್ನಿ.

ನಾವು ಹೋದ ದಾರಿ ನಿಮಗೂ ಅನುಕೂಲವಾದೀತು: ಬಂಟ್ವಾಳ, ಗುರುವಾಯನಕೆರೆ, ವೇಣೂರು, ಮೂಡುಬಿದಿರೆ, ಅಲ್ಲಿಂದ ಸಿದ್ದಕಟ್ಟೆ, ರಾಯಿ ಮಾರ್ಗವಾಗಿ ಮತ್ತೆ ಬಂಟ್ವಾಳ. ಗಟ್ಟಿಯಿದ್ದವರಿಗೆ ಒಂದೇ ದಿನ ಸಾಕು, ಅಜ್ಜಿಯಂದಿರ ಜೊತೆ ಎರಡು ದಿನ ಇಟ್ಟುಕೊಳ್ಳಿ. ಮಡಚುವ ಗಾಲಿಕುರ್ಚಿ, ಒಂದು ದಿಂಬು, ಫ್ಲಾಸ್ಕಿನಲ್ಲಿ ಬಿಸಿನೀರು, ಬದಲಿ ಸೀರೆ, ಕೊಡೆ ಮರೆಯಬೇಡಿ. ಶೌಚಾಲಯ ಎಲ್ಲಿದೆಯೆಂದು ಇಳಿದ ಕೂಡಲೇ ವಿಚಾರಿಸಿಡಿ. ಹೊರಡುವ ಮುಂಚೆ ಎಲ್ಲಿಗೆ ಹೋಗಬೇಕೆಂದು ಅಜ್ಜಿಯ ಹತ್ತಿರ ಕೇಳಿ. ನಮ್ಮ ಅಮ್ಮ ಈಗಾಗಲೇ ಮುಂದಿನ ಊರು ಹೇಳಿಯಾಗಿದೆ: ಪೊಳಲಿ ಜಾತ್ರೆಯ ಚೆಂಡಾಟ ನೋಡಬೇಕಂತೆ, ಅದೂ ಮುಂದಿನ ಸಾಲಿನಲ್ಲೇ ಕೂತು!